ಕನ್ನಡಕದ ಗಾಜು ಆರಿಸುವಾಗ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಬೋನಸ್ಸುಗಳ ಮಾತನ್ನು ಇಲ್ಲಿ ಅನೇಕ ಸಲ ಆಡಿದ್ದೇವೆ. ಇಂದು ಮೂಗಿನ ಮೇಲೆ ಕೂರುವ ಎರಡು ಗಾಜುಗಳ ವಿಚಾರ ಹೇಳಲು ನಿಂತಿದ್ದೇನೆ. ಇದೂ ಹೊಟ್ಟೆಪಾಡಿನ ಮಾತೇ.

ವಯಸ್ಸು 40ರ ಸುಮಾರಿಗೆ ಕಣ್ಣೊಳಗಿನ ಮಸೂರ ಗಡುಸಾಗಿ ಹತ್ತಿರದ್ದು ಮಸುಕಾಗುತ್ತದೆ. ಇದು ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಬರುವಂಥದು. ಆದರೆ ನಮ್ಮವರು ಮುಚ್ಚಿಡುತ್ತಾರೆ. ಗಲ್ಲಾದಲ್ಲಿ ಕುಳಿತವನು ಬಿಲ್ಲನ್ನು ಕೈಯುದ್ದಕ್ಕೆ ಹಿಡಿಯುತ್ತಾನೆ. ಮಗ್ಗದ ಮುಂದಿನವನು ಕಡಿದ ಎಳೆಯನ್ನು ಬೆರಳಿನಿಂದ ತಡವುತ್ತಾನೆ. ಕಣ್ಣು ಮಂದವಾಯಿತೆಂದು ತಿಳಿದರೆ ಧಣಿ ಮನೆಗೆ ಕಳಿಸಿಯಾನೆಂಬ ಭಯ!

ಅಸ್ಸಾಮಿನ ಚಹಾತೋಟಗಳಲ್ಲಿ ನಡೆದ ಒಂದು ಪರೀಕ್ಷೆಯ ಫಲ 2018ರಲ್ಲಿ ಪ್ರಕಟವಾಯಿತು. 40 ದಾಟಿದ 751 ಕೆಲಸಗಾರರನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಮಾತ್ರ ಮೊದಲು ಕನ್ನಡಕ ಕೊಟ್ಟರು. ಎಲೆ ಕೊಯ್ಯುವುದರಲ್ಲಿ ಆ ಪಂಗಡ ಇನ್ನೊಂದಕ್ಕಿಂತ ನೂರಕ್ಕೆ ಸುಮಾರು 22ರಷ್ಟು ಮುಂದೆ ಹೋಯಿತು. ಕನ್ನಡಕ ಹಾಕಿದವನು ಕೆಲಸಕ್ಕೆ ಬಾರದವನಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೊದಲನೆಯದಾಗಿ, ಕಣ್ಣು ತೋರಿಸಿಯೇ ಗಾಜು ಕೊಳ್ಳಿರಿ. ಫುಟ್‌ಪಾತಿನ ಸಿದ್ಧ ಕನ್ನಡಕಕ್ಕೆ ಎರಡೂ ಕಡೆ ಒಂದೇ ನಂಬರು. ನಮ್ಮ ಎರಡು ಕಣ್ಣುಗಳು ಒಂದೇ ತೆರನಾಗಿರಬೇಕೆಂದಿಲ್ಲ. ಸಿಲಿಂಡರ್ ನಂಬರು ಬೇಕಾದವರಿಗೆ ಅದು ಸಾಲದು. ನಂಬರು ಥಟ್ಟನೆ ಬದಲಾದರೆ ಸಕ್ಕರೆ ಕಾಯಿಲೆಯೂ ಕಾರಣವಿದ್ದೀತು. ಗ್ಲಾಕೋಮಾ ಎಂಬ ರೋಗವಂತೂ ಬಹುಮಟ್ಟಿಗೆ ನೋವಿಲ್ಲದೆ ದೃಷ್ಟಿ ಕದಿಯುತ್ತದೆ. ಇವನ್ನು ಅಂಗಡಿಯ ಕನ್ನಡಿ ತಿಳಿಸಲಾರದು. ಇ.ಎಸ್.ಐ. ಕಾರ್ಡುಳ್ಳವರು ಆ ಸೌಲಭ್ಯವನ್ನು ಬಿಡಬಾರದು. ನಂಬರಿನ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಿ.

ಎರಡನೆಯದು, ಕೆಲಸದ ದೂರ. ಓದುವ ಗಾಜನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ, ಲೆಕ್ಕ ಹಾಕುತ್ತಾರೆ. ನಿಮ್ಮ ಮಗ್ಗದ ಎಳೆ ಎರಡಡಿ ದೂರದಲ್ಲಿದ್ದರೆ ಆ ನಂಬರು ಹೆಚ್ಚಾದೀತು. ಕಣ್ಣಿನಿಂದ ಕೆಲಸದವರೆಗೆ ಒಂದು ದಾರ ಹಿಡಿದು ಅಳೆದು, ಡಾಕ್ಟರಿಗೆ ಹೇಳಿರಿ. ಇದಕ್ಕೆ ಕಾಸು ಖರ್ಚಿಲ್ಲ.

ಮೂರನೆಯದು, ಬೈಫೋಕಲ್. ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ. ಗಲ್ಲಾದವರಿಗೆ ಅನುಕೂಲ. ಆದರೆ ತಟ್ಟೆ ಹಿಡಿದು ಮೆಟ್ಟಿಲಿಳಿಯುವವನಿಗೆ ಕೆಳಭಾಗದಲ್ಲಿ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಅಂಥವರು ದೂರದ್ದಕ್ಕೆ, ಓದಿಗೆ ಬೇರೆ ಬೇರೆ ಕನ್ನಡಕ ಇಟ್ಟುಕೊಳ್ಳುವುದು ಲೇಸು.

ನಾಲ್ಕನೆಯದು, ವಸ್ತು. ಗಾಜೆನ್ನುತ್ತೇವಾದರೂ ಈಗ ಹೆಚ್ಚಾಗಿ ಸಿಗುವುದು ಪ್ಲಾಸ್ಟಿಕ್ಕು. ನಿಜವಾದ ಗಾಜಿಗೆ ಗೀರು ಕಡಿಮೆ, ಭಾರ ಹೆಚ್ಚು. ಒಡೆದರೆ ಕಣ್ಣಿಗೇ ಅಪಾಯ. ಪ್ಲಾಸ್ಟಿಕ್ಕು ಹಗುರ, ಗೀರು ಬೇಗ. ಗಟ್ಟಿ ಲೇಪ ಇರಲಿ. ಚೂರು ಸಿಡಿಯುವಲ್ಲಿ ದುಡಿಯುವವರು ಪಾಲಿಕಾರ್ಬೊನೇಟ್ ಕೇಳಿರಿ. ಅದು ಸುಲಭಕ್ಕೆ ಒಡೆಯದು. ಭಟ್ಟಿಯ ಪಕ್ಕ ಕನ್ನಡಕ ಇಡಬೇಡಿ, ಶಾಖಕ್ಕೆ ಲೇಪ ಬಿರಿಯುತ್ತದೆ. ಹಿಟ್ಟು ಮೆತ್ತಿದ ಪಂಚೆಯಿಂದ ಒರಸಬೇಡಿ. ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಿರಿ.

ಕೊನೆಯದಾಗಿ, ನೀಲಿ ಬೆಳಕು ತಡೆಯುವ ಗಾಜೆಂದು ಹೆಚ್ಚು ಹಣ ಕೇಳುತ್ತಾರೆ. 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ 2023ರ ವರದಿಗೆ, ಅದರಿಂದ ಕಣ್ಣಿನ ದಣಿವು ಕಡಿಮೆಯಾಗುವ ಲಕ್ಷಣ ಕಾಣಲಿಲ್ಲ. ಆ ಹಣವನ್ನು ಸರಿಯಾದ ನಂಬರಿಗೆ ಹಾಕಿರಿ.

ಬಂಧುಗಳೇ, ಪಕ್ಕದ ಅಣ್ಣ ಚೀಟಿಯನ್ನು ದೂರ ಹಿಡಿದು ಓದುವುದು ಕಂಡರೆ ನಗಬೇಡಿ. ರಜೆಯ ದಿನ ಜೊತೆಯಲ್ಲಿ ಕರೆದೊಯ್ದು ಕಣ್ಣು ತೋರಿಸಿರಿ. ಕಣ್ಣು ಮಂದವಾಯಿತೆಂದು ಯಾರನ್ನಾದರೂ ಕೆಲಸದಿಂದ ತೆಗೆಯುವ ಮಾತು ಬಂದರೆ, ಅವನೊಬ್ಬನೇ ಧಣಿಯ ಮುಂದೆ ನಿಲ್ಲದಂತೆ ನೋಡಿಕೊಳ್ಳುವುದು ಸಂಘದ ಹೊಣೆ.