ಬಂಡೆ ಸಿಡಿದಾಗ ಗೋಡೆಗೆ ತಲುಪುವುದೇನು?

(ಉಪನ್ಯಾಸದ ಬರಹರೂಪ)



ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದಾಗ ಊರಿಗೆ ಎರಡು ಅಲೆಗಳು ಬರುತ್ತವೆ. ನೆಲದೊಳಗಿನಿಂದ ಬರುವ ಅಲೆ ಮೊದಲು ತಲುಪುತ್ತದೆ, ಗಾಳಿಯ ಅಲೆ ಅದರ ಹಿಂದೆ ಬರುತ್ತದೆ. ಕಿಟಕಿ ಬಡಿದುಕೊಳ್ಳುವುದು, ನಾಗಂದಿಗೆಯ ಪಾತ್ರೆ ಸದ್ದು ಮಾಡುವುದು ಬಹುಮಟ್ಟಿಗೆ ಗಾಳಿಯ ಅಲೆಯಿಂದ. ತಳಪಾಯವನ್ನು ಅಲುಗಿಸುವುದು ನೆಲದ ಅಲೆ. ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಭಾಗದಲ್ಲಿ ಕಲ್ಲುಕ್ವಾರಿ ಅಥವಾ ರಸ್ತೆ ಕಡಿತದ ಕುರಿತು ದೂರು ಕೊಡುವವರು ಈ ಭೇದವನ್ನು ಮೊದಲು ಗಮನಿಸಬೇಕು. ಇಲ್ಲವಾದರೆ ಊರಿನವರು ಸದ್ದಿನ ಬಗ್ಗೆ ದೂರುವುದು, ಗುತ್ತಿಗೆದಾರ ಕಂಪನದ ಅಂಕಿ ತೋರಿಸುವುದು, ಕಡತ ಅಲ್ಲಿಗೇ ಮುಗಿಯುವುದು ನಡೆಯುತ್ತಲೇ ಇರುತ್ತದೆ.

ನೆಲದ ಕಂಪನಕ್ಕೆ ನಮ್ಮ ದೇಶದಲ್ಲಿ ಆಧಾರವಾಗಿರುವುದು ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ 7ನೆಯ ತಾಂತ್ರಿಕ ಸುತ್ತೋಲೆ. ಅದು ಅಳೆಯುವುದು 'ಗರಿಷ್ಠ ಕಣವೇಗ'ವನ್ನು. ಕೆರೆಗೆ ಕಲ್ಲೆಸೆದಾಗ ತೆರೆ ದಡದವರೆಗೆ ಓಡುತ್ತದೆ, ನೀರಿನ ಮೇಲಿನ ಎಲೆ ಮಾತ್ರ ಇದ್ದಲ್ಲಿಯೇ ಏರಿಳಿಯುತ್ತದೆ. ಕಣವೇಗವೆಂದರೆ ತೆರೆಯ ಓಟವಲ್ಲ, ಆ ಎಲೆಯ ಏರಿಳಿತದ ವೇಗ. ಇದನ್ನು ಕಟ್ಟಡದ ತಳಪಾಯದ ಮಟ್ಟದಲ್ಲಿ ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಎಂದು ದಾಖಲಿಸುತ್ತಾರೆ.

ಗಣಿ ಮಾಲೀಕನಿಗೆ ಸೇರದ ವಾಸದ ಮನೆಗೆ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ 5 ಮಿ.ಮೀ., 8ರಿಂದ 25ರ ನಡುವೆ 10 ಮಿ.ಮೀ., 25ಕ್ಕಿಂತ ಹೆಚ್ಚಿದ್ದರೆ 15 ಮಿ.ಮೀ. ಎಂಬುದು ಸುತ್ತೋಲೆಯ ಮಿತಿ. ಕಾಂಕ್ರೀಟು ಚೌಕಟ್ಟಿನ ಕೈಗಾರಿಕಾ ಕಟ್ಟಡಕ್ಕೆ ಇದೇ ಕ್ರಮದಲ್ಲಿ 10, 20, 25. ಐತಿಹಾಸಿಕ ಮಹತ್ವದ ಮತ್ತು ಸೂಕ್ಷ್ಮ ರಚನೆಗಳಿಗೆ 2, 5, 10. ಮಾಲೀಕನದೇ ಆದ, ಅಲ್ಪಾಯುಷ್ಯದ ಮನೆಗಳಿಗೆ ಮಾತ್ರ 10, 15, 25ರವರೆಗೆ ಸಡಿಲಿಕೆಯಿದೆ.

ಆವರ್ತನ ಕಡಿಮೆಯಾದಷ್ಟೂ ಮಿತಿ ಬಿಗಿಯಾಗುವುದೇಕೆ? ಒಂದೆರಡು ಅಂತಸ್ತಿನ ಮನೆಗಳು ಸ್ವಭಾವತಃ ಸೆಕೆಂಡಿಗೆ ಸುಮಾರು ಐದರಿಂದ ಹತ್ತು ಬಾರಿ ತೂಗುವಂಥವು. ಹೊರಗಿನ ಕಂಪನವೂ ಅದೇ ಲಯದಲ್ಲಿ ಬಂದರೆ, ಜೋಕಾಲಿಗೆ ಸರಿಯಾದ ಹೊತ್ತಿನಲ್ಲಿ ನೂಕು ಕೊಟ್ಟಂತೆ, ಗೋಡೆಯ ತೂಗಾಟ ವೃದ್ಧಿಸುತ್ತದೆ. ಗಟ್ಟಿ ಬಂಡೆಯಲ್ಲಿ ಸಾಗುವ ಕಂಪನ ಚುರುಕಾದದ್ದು. ದಪ್ಪ ಮಣ್ಣಿನ ಹೊದಿಕೆಯಲ್ಲಿ ಸಾಗುತ್ತ ಅದು ನಿಧಾನವಾಗುತ್ತದೆ, ಹೆಚ್ಚು ಹೊತ್ತು ಉಳಿಯುತ್ತದೆ. ಜಂಬಿಟ್ಟಿಗೆ ಮತ್ತು ಶಿಥಿಲಶಿಲೆಯ ಹೊದಿಕೆಯಿರುವ ಈ ಸೀಮೆಯಲ್ಲಿ ಕ್ವಾರಿ ಬಂಡೆಯ ಮೇಲಿದ್ದರೂ ಊರು ಮಣ್ಣಿನ ಮೇಲಿರುತ್ತದೆ. ಆದ್ದರಿಂದ ಕ್ವಾರಿಯ ಬಳಿ ಅಳೆದ ಆವರ್ತನವನ್ನು ಊರಿಗೆ ಅನ್ವಯಿಸುವುದು ಶಾಸ್ತ್ರಸಮ್ಮತವಲ್ಲ.

ಸುತ್ತೋಲೆಯಲ್ಲಿ ಒಂದು ಕೊರತೆಯಿದೆ. ಅದು ಕಚ್ಚಾ ಮನೆಯನ್ನೂ ಇಟ್ಟಿಗೆ-ಸಿಮೆಂಟಿನ ಮನೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಜೋಯಿಡಾದ ಕುಣಬಿಗಳ ಮಣ್ಣಿನ ಗೋಡೆಗೂ ದಾಂಡೇಲಿ ಪೇಟೆಯ ಸಿಮೆಂಟಿನ ಮನೆಗೂ ತಾಳಿಕೆ ಒಂದೇ ಎನ್ನುವುದು ಒಪ್ಪತಕ್ಕ ಮಾತಲ್ಲ. ಅಮೆರಿಕದ ಗಣಿ ಇಲಾಖೆಯ 1980ರ ಅಧ್ಯಯನ ಕಡಿಮೆ ಆವರ್ತನದಲ್ಲಿ ಹಳೆಯ ಗಾರೆಗೋಡೆಯ ಮನೆಗೆ 12.7, ಹೊಸ ಮಾದರಿಯ ಹಲಗೆಗೋಡೆಗೆ 19 ಮಿ.ಮೀ. ಸೂಚಿಸಿತ್ತು. ಆ ಅಂಕಿಗಳನ್ನು ಇಲ್ಲಿ ಉಲ್ಲೇಖಿಸುವವರು ಅಲ್ಲಿಯ ಮನೆಗಳು ಬಹುತೇಕ ಮರದ ಚೌಕಟ್ಟಿನವು ಎಂಬುದನ್ನು ಹೇಳುವುದಿಲ್ಲ. ಜರ್ಮನಿಯ ಮಾನಕ ಸೂಕ್ಷ್ಮ ಕಟ್ಟಡಗಳಿಗೆ 3 ಮಿ.ಮೀ.ನಿಂದಲೇ ಆರಂಭವಾಗುತ್ತದೆ.

ಸೂಕ್ಷ್ಮ ರಚನೆ ಯಾವುದು ಎಂಬುದೂ ವಿಚಾರಾರ್ಹ. ಉಳವಿಯ ಚನ್ನಬಸವಣ್ಣನ ಸಮಾಧಿಸ್ಥಳ ಆ ವರ್ಗಕ್ಕೆ ಸೇರುವುದರಲ್ಲಿ ಸಂದೇಹವಿಲ್ಲ. 1966ರ ಬಳಿಕ ನೆಲೆಗೊಂಡ ಮುಂಡಗೋಡದ ಟಿಬೆಟಿಯನ್ ವಸಾಹತಿನ ಮಠಗಳು ಹಳೆಯವಲ್ಲ, ಆದರೆ ಚಿತ್ರ ಬರೆದ ಗೋಡೆಗಳನ್ನು ಸೂಕ್ಷ್ಮವೆಂದು ವಾದಿಸಲು ಆಧಾರವಿದೆ. ದಾಂಡೇಲಿಯ ಕಾಡಿನ ಕವಳಾ ಗುಹೆಯಲ್ಲಿ ಹನಿಹನಿಯಾಗಿ ಬೆಳೆದ ಸುಣ್ಣಗಲ್ಲಿನ ಲಿಂಗ ಕಟ್ಟಡವೂ ಅಲ್ಲ, ಯಾರೂ ಕಟ್ಟಿದ್ದೂ ಅಲ್ಲ. ಅದಕ್ಕೆ ಸುತ್ತೋಲೆಯಲ್ಲಿ ಸಾಲೇ ಇಲ್ಲ. ಗುಡ್ಡದ ಇಳಿಜಾರಿಗೂ ಒರತೆಗೂ ಇಲ್ಲ.

ಕಂಪನವನ್ನು ತಗ್ಗಿಸುವುದು ಕಷ್ಟದ ವಿದ್ಯೆಯೇನಲ್ಲ. ದೂರ ಎರಡು ಪಟ್ಟಾದರೆ ಕಣವೇಗ ಸಾಮಾನ್ಯವಾಗಿ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಮದ್ದು ನಾಲ್ಕು ಪಟ್ಟಾದರೆ ದೂರ ಅರ್ಧವಾದಷ್ಟೇ ಪರಿಣಾಮ. ಇಲ್ಲಿ ಮದ್ದೆಂದರೆ ಒಟ್ಟು ಮದ್ದಲ್ಲ, ಒಂದೇ ಕ್ಷಣದಲ್ಲಿ ಸಿಡಿಯುವ ಮದ್ದು. ಹತ್ತು ಕುಳಿಗಳಲ್ಲಿ ತಲಾ 10 ಕಿಲೊ ತುಂಬಿ ಒಮ್ಮೆಗೇ ಸಿಡಿಸಿದರೆ ನೆಲಕ್ಕೆ ಅದು 100 ಕಿಲೊ. ಕುಳಿಕುಳಿಗೂ 25 ಮಿಲಿಸೆಕೆಂಡಿನ ಅಂತರ ಕೊಟ್ಟರೆ ಅದು 10 ಕಿಲೊ ಮಾತ್ರ, ಕಣವೇಗ ಲೆಕ್ಕದಂತೆ ಸುಮಾರು ಆರನೆಯ ಒಂದು ಪಾಲು. ಹೀಗೆ ಮಾಡದಿರುವುದಕ್ಕೆ ಕಾರಣ ಅಜ್ಞಾನವಲ್ಲ, ಖರ್ಚು ಮತ್ತು ಅವಸರ.

ಸದ್ದಿನ ಕಾನೂನು ಇನ್ನೂ ಸಡಿಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎನ್ನುತ್ತವೆ. ಅದು ಹೊತ್ತಿನ ಸರಾಸರಿ. ಒಂದೇ ಸೆಕೆಂಡಿನ ಸ್ಫೋಟ ಸರಾಸರಿಯಲ್ಲಿ ಬಹುಪಾಲು ಕರಗಿಹೋಗುತ್ತದೆ. ಜೊತೆಗೆ ಅದರ ಮಾಪನ ಮನುಷ್ಯನ ಕಿವಿಗೆ ಹೊಂದಿಸಿದ್ದು. ಬಾಗಿಲು ನಡುಗಿಸುವ ಗಾಳಿಯ ಅಲೆಯಲ್ಲಿ ಬಹುಭಾಗ ಕಿವಿಗೆ ಕೇಳದಷ್ಟು ಮಂದ್ರದ್ದು. ಅಮೆರಿಕದ ಕಲ್ಲಿದ್ದಲು ಗಣಿಗಳಿಗೆ ಇದಕ್ಕೆಂದೇ ಬೇರೆ ಮಾಪನದಲ್ಲಿ 133 ಡೆಸಿಬಲ್‌ನ ಆಸುಪಾಸಿನ ಮಿತಿಯಿದೆ. ನಮ್ಮ ಶಬ್ದನಿಯಮಗಳಲ್ಲಿ ಅಂಥದ್ದಿಲ್ಲ. ಘಟ್ಟದಲ್ಲಿ ಇನ್ನೊಂದು ತೊಡಕು: ಬೆಳಗಿನ ಮಂಜು ಕಣಿವೆಯಲ್ಲಿ ಕುಳಿತಿರುವಾಗ ಮೇಲಿನ ಗಾಳಿ ಬೆಚ್ಚಗೂ ಕೆಳಗಿನದು ತಣ್ಣಗೂ ಇರುತ್ತದೆ, ಮೇಲೇರಿದ ಅಲೆ ಬಾಗಿ ಊರಿನ ಮೇಲೆಯೇ ಇಳಿಯುತ್ತದೆ. ಮಧ್ಯಾಹ್ನ ಅಷ್ಟೇ ಮದ್ದು ಸಿಡಿಸಿದರೆ ಸದ್ದು ಕಡಿಮೆ.

ದೂರದ ನಿಯಮಗಳೂ ಇವೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದಿದ್ದ ಪ್ರಕರಣದಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚಿಸಿದ ಕನಿಷ್ಠ ಅಂತರ, ಮದ್ದಿಲ್ಲದ ಕಲ್ಲುಗಣಿಗೆ ಮನೆಗಳಿಂದ 100 ಮೀಟರ್, ಮದ್ದು ಬಳಸುವುದಕ್ಕೆ 200 ಮೀಟರ್. ಗಣಿ ಸುರಕ್ಷತೆಯ 500 ಮೀಟರ್ ಅಪಾಯವಲಯವನ್ನೂ ಪಾಲಿಸಬೇಕೆಂದು ಅದೇ ವರದಿ ಹೇಳಿತು. ಸಮತಟ್ಟಿನಲ್ಲಿ ಇದು ಸರಿ. ಇಳಿಜಾರಿನಲ್ಲಿ ಸಿಡಿದ ಕಲ್ಲು ಕೆಳಗಿನ ಕೇರಿಯತ್ತ ಹೆಚ್ಚು ದೂರ ಹಾರುತ್ತದೆ.

ಕೆ.ಆರ್.ಎಸ್. ಅಣೆಕಟ್ಟಿನ ಪ್ರಕರಣ ಎಲ್ಲರಿಗೂ ತಿಳಿದದ್ದೇ. 2018ರಲ್ಲಿ ಅಲ್ಲಿ ಕೇಳಿಬಂದ ಭಾರಿ ಸದ್ದಿನ ಬಳಿಕ ಬೇಬಿಬೆಟ್ಟದ ಗಣಿಗಾರಿಕೆ ವಿವಾದಕ್ಕೊಳಗಾಯಿತು. 2024ರ ಜನವರಿಯಲ್ಲಿ ರಾಜ್ಯ ಉಚ್ಚ ನ್ಯಾಯಾಲಯವು ಅಧ್ಯಯನ ಮುಗಿಯುವವರೆಗೆ ಅಣೆಕಟ್ಟಿನ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಸುತ್ತೋಲೆಯ ಅಂಕಿಗಿಂತ ಮುನ್ನೆಚ್ಚರಿಕೆಯ ತತ್ತ್ವಕ್ಕೆ ತೂಕ ಸಿಕ್ಕಿದ ಅಪರೂಪದ ಸಂದರ್ಭವಿದು. ಆದರೆ ಆ ಆದೇಶ ಕೆ.ಆರ್.ಎಸ್.ಗೆ ಸಂಬಂಧಿಸಿದ್ದು. ಕಾಳಿ ಕಣಿವೆಯ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿಗೆ ಅದು ತಾನಾಗಿ ಅನ್ವಯಿಸದು.

"ಇದು ಸಣ್ಣ ಕ್ವಾರಿ, ಗಣಿ ಕಾಯಿದೆ ಇದಕ್ಕಿಲ್ಲ" ಎಂಬ ಉತ್ತರ ಪದೇ ಪದೇ ಕೇಳಿಬರುತ್ತದೆ. 1952ರ ಗಣಿ ಕಾಯಿದೆ ಸಣ್ಣ ಕಲ್ಲುಗಣಿಗೆ ವಿನಾಯಿತಿ ಕೊಟ್ಟದ್ದು ನಿಜ. ಆಳ 6 ಮೀಟರ್ ಮೀರಬಾರದು, ಕೆಲಸಗಾರರು 50 ಮೀರಬಾರದು, ಮತ್ತು ಸ್ಫೋಟಕ ಬಳಸಬಾರದು ಎಂಬ ಷರತ್ತುಗಳೊಡನೆ. ಮದ್ದು ಬಳಸಿದೊಡನೆ ವಿನಾಯಿತಿ ಬಿದ್ದುಹೋಗುತ್ತಿತ್ತು. 2025ರ ನವೆಂಬರಿನಲ್ಲಿ ಆ ಕಾಯಿದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿದೆ. ಹೊಸ ಅರ್ಜಿಗಳಲ್ಲಿ ಅದನ್ನೇ ಉಲ್ಲೇಖಿಸಬೇಕು. ರಸ್ತೆ, ರೈಲುಮಾರ್ಗಗಳಿಗಾಗಿ ಗುಡ್ಡ ಕಡಿಯುವುದು ಗಣಿಯಲ್ಲ. ಅಲ್ಲಿ 2008ರ ಸ್ಫೋಟಕ ನಿಯಮಗಳು ಮತ್ತು ಗುತ್ತಿಗೆಯ ಷರತ್ತುಗಳನ್ನೇ ಹಿಡಿಯಬೇಕಾಗುತ್ತದೆ.

ಬಿರುಕುಗಳ ವಿಷಯದಲ್ಲಿ ಪ್ರಾಮಾಣಿಕತೆ ಅಗತ್ಯ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ, ಸ್ಫೋಟವಿಲ್ಲದೆಯೂ ಬಿರಿಯುತ್ತದೆ. ಎಲ್ಲ ಬಿರುಕನ್ನೂ ಕ್ವಾರಿಯ ತಲೆಗೆ ಕಟ್ಟಿದರೆ ನಿಜವಾದ ಹಾನಿಯೂ ಸುಳ್ಳೆನಿಸಿಕೊಳ್ಳುತ್ತದೆ. ಕೆಲಸ ಆರಂಭವಾಗುವ ಮೊದಲೇ ಪ್ರತಿ ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಬೇಕು, ಅಳತೆಪಟ್ಟಿಯಿಟ್ಟು ಚಿತ್ರ ತೆಗೆಯಬೇಕು. ಶಾಲೆಯ ಮಕ್ಕಳೂ ಮಾಡಬಲ್ಲ ಕೆಲಸ. ಸ್ಫೋಟದ ದಿನ, ಗಂಟೆ, ನಿಮಿಷಗಳನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಅದನ್ನು ಯಂತ್ರದ ದಾಖಲೆಯೊಡನೆ ತಾಳೆ ನೋಡಬಹುದು.

ಯಂತ್ರ ತಂದವರು ಅದನ್ನು ಸಡಿಲ ಮಣ್ಣಿನ ಮೇಲೆ ಸುಮ್ಮನೆ ಇಟ್ಟಿದ್ದರೆ ಆಕ್ಷೇಪಿಸಬೇಕು. ಸಂವೇದಕವನ್ನು ತಳಪಾಯದ ಸಮೀಪ ಹೂಳಬೇಕು, ಇಲ್ಲವೇ ಮರಳಿನ ಚೀಲ ಹೇರಿ ಭದ್ರಪಡಿಸಬೇಕು. ಅಳತೆ ಮುಗಿದಾಗ ಬರುವ ಹಾಳೆಯಲ್ಲಿ ಮೂರೂ ದಿಕ್ಕಿನ ಕಣವೇಗ, ಆವರ್ತನ ಮತ್ತು ಗಾಳಿಯ ಒತ್ತಡ ಇರುತ್ತವೆ. ಒಂದೇ ಅಂಕಿಯನ್ನು ಬಾಯಲ್ಲಿ ಹೇಳಿ ಹೋಗಲು ಬಿಡದೆ ಆ ಹಾಳೆಯ ಪ್ರತಿಯನ್ನು ಅಲ್ಲಿಯೇ ಕೇಳಬೇಕು. ಕೊಡದಿದ್ದರೆ, ಅದು ಸರ್ಕಾರಿ ಕಚೇರಿಯ ಕಡತಕ್ಕೆ ಸೇರಿದ ಮೇಲೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿ ಹಾಕಬೇಕು.