ಸಾಲ ಮಾಡಿದವರು ಯಾರು, ತೀರಿಸುವವರು ಯಾರು?

 

ಜಗತ್ತಿನ ಇಂದಿನ ಆಗುಹೋಗುಗಳ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಜಗತ್ತು ದೊಡ್ಡದು, ನನಗಿರುವ ಸಮಯ ಚಿಕ್ಕದು. ಹಾಗಾಗಿ ನೆರೆಯ ಒಂದೇ ದೇಶದ ಲೆಕ್ಕ ಬಿಚ್ಚುತ್ತೇನೆ. ಅದು ಶ್ರೀಲಂಕಾ.

2022ರ ಏಪ್ರಿಲ್‌ನಲ್ಲಿ ಆ ದೇಶ ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಕೈಚೆಲ್ಲಿತು. 1948ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಹೀಗಾದದ್ದು ಅದೇ ಮೊದಲು. ಪೆಟ್ರೋಲ್‌ಗಾಗಿ ಸಾಲಿನಲ್ಲಿ ನಿಂತವರು ಬಿಸಿಲಿಗೆ ಕುಸಿದು ಸತ್ತರು. ಕಾಗದವಿಲ್ಲದೆ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋದವು. ಆಸ್ಪತ್ರೆಗಳಲ್ಲಿ ಔಷಧಿ ಮುಗಿಯಿತು. ಜುಲೈನಲ್ಲಿ ಜನ ಅಧ್ಯಕ್ಷರ ಭವನಕ್ಕೆ ನುಗ್ಗಿದರು, ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟು ಹೋದರು.

ಆಗ ನಮ್ಮ ಮೊಬೈಲ್‌ಗಳಲ್ಲಿ ಒಂದು ಮಾತು ಹರಿದಾಡಿತು: ಜನರಿಗೆ ಬಿಟ್ಟಿ ಹಂಚಿದ್ದಕ್ಕೇ ಲಂಕೆ ಮುಳುಗಿತು ಎಂದು. ಈಗಲೂ ಕಟ್ಟೆಯ ಮೇಲೆ ಕೂತವರು ಅದನ್ನೇ ಹೇಳುತ್ತಾರೆ. ಅದು ನಿಜವೇ ಎಂದು ನೋಡೋಣ.

ಲಂಕೆಯಲ್ಲಿ ಉಚಿತ ಶಿಕ್ಷಣ ಸ್ವಾತಂತ್ರ್ಯಕ್ಕೂ ಮುಂಚಿನದು. ಅದರಿಂದ ಆ ದೇಶ ಮುಳುಗಲಿಲ್ಲ, ಓದಿ ಮುಂದೆ ಬಂತು. ಈ ಪೆಟ್ಟು ಬೇರೆ ಕಡೆಯಿಂದ ಬಿತ್ತು. 2007ರಿಂದ ಸರ್ಕಾರ ವಿದೇಶಿ ಮಾರುಕಟ್ಟೆಯಲ್ಲಿ ಹೆಚ್ಚಿನ ಬಡ್ಡಿಯ ಬಾಂಡ್‌ಗಳನ್ನು ಮಾರುತ್ತಾ ಬಂತು. 2019ರ ಕೊನೆಯಲ್ಲಿ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡಾ 15ರಿಂದ 8ಕ್ಕೆ ಇಳಿಸಿತು, ಕಂಪನಿಗಳ ತೆರಿಗೆಯನ್ನೂ ಕಡಿಮೆ ಮಾಡಿತು. ಬೊಕ್ಕಸ ಬರಿದಾಯಿತು. ಅದೇ ವರ್ಷದ ಈಸ್ಟರ್ ಬಾಂಬ್ ದಾಳಿಯಿಂದ ಪ್ರವಾಸಿಗರು ಕಡಿಮೆಯಾಗಿದ್ದರು, ಆಮೇಲೆ ಕೊರೋನಾ ಬಂದು ಪೂರ್ತಿ ನಿಂತರು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಸಾವಯವ ಒಳ್ಳೆಯದೇ, ನಾನು ಅದರ ವಿರೋಧಿಯಲ್ಲ. ಆದರೆ ಹೊಲದಲ್ಲಿ ದುಡಿಯುವವನನ್ನು ಕೇಳದೆ, ಸಿದ್ಧತೆಗೆ ಸಮಯ ಕೊಡದೆ, ಮೇಲಿಂದ ಆಜ್ಞೆ ಹೊರಡಿಸಿದರೆ ಏನಾಗುತ್ತದೆ? ಭತ್ತದ ಇಳುವರಿ ಕುಸಿಯಿತು, ಅಕ್ಕಿಯನ್ನು ಹೊರಗಿನಿಂದ ತರಬೇಕಾಯಿತು. ಅದೇ ನವೆಂಬರ್‌ನಲ್ಲಿ ನಿಷೇಧ ಹಿಂದೆ ಪಡೆದರು.

ಇನ್ನೊಂದು ಸಂಗತಿ ಕೇಳಿ. 2022ರ ಜನವರಿಯಲ್ಲಿ ಡಾಲರ್ ಕೊರತೆ ಎದ್ದು ಕಾಣುತ್ತಿದ್ದಾಗಲೇ ಸರ್ಕಾರ 50 ಕೋಟಿ ಡಾಲರ್ ಬಾಂಡ್ ಬಾಕಿ ತೀರಿಸಿತು. ಆ ಹಣವನ್ನು ಔಷಧಿಗೆ, ಇಂಧನಕ್ಕೆ ಉಳಿಸಿಕೊಳ್ಳಿ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರೇ ಬೇಡಿಕೊಂಡಿದ್ದರು. ಬಾಂಡ್ ಕೊಂಡವನಿಗೆ ಹಣ ಮುಟ್ಟಿತು, ರೋಗಿಗೆ ಔಷಧಿ ಮುಟ್ಟಲಿಲ್ಲ.

ಈಗ ತೀರಿಸುವವರು ಯಾರು? 2023ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರ್ ನೆರವಿಗೆ ಒಪ್ಪಿತು, ಜೊತೆಗೆ ಷರತ್ತುಗಳೂ ಬಂದವು. ಶೇಕಡಾ 8ಕ್ಕೆ ಇಳಿದಿದ್ದ ತೆರಿಗೆ 2024ರ ಜನವರಿಗೆ ಶೇಕಡಾ 18 ಆಯಿತು. ಇದು ಕೊಳ್ಳುವ ವಸ್ತುವಿನ ಮೇಲಿನ ತೆರಿಗೆ, ಕೂಲಿಯವನಿಗೂ ಕೋಟ್ಯಧಿಪತಿಗೂ ಒಂದೇ ದರ. ದೇಶದೊಳಗಿನ ಸಾಲವನ್ನು ಹೊಂದಿಸುವಾಗ ಬ್ಯಾಂಕುಗಳ ಕೈಯಲ್ಲಿದ್ದ ಖಜಾನೆ ಬಾಂಡ್‌ಗಳನ್ನು ಹೊರಗಿಟ್ಟರು. ಕಾರ್ಮಿಕರ ಭವಿಷ್ಯ ನಿಧಿಗೆ ಮಾತ್ರ, ದೀರ್ಘಾವಧಿಯ ಹೊಸ ಬಾಂಡ್ ತೆಗೆದುಕೊಳ್ಳಿ, ಇಲ್ಲವೇ ಶೇಕಡಾ 30 ತೆರಿಗೆ ಕಟ್ಟಿ ಎಂದರು. ಬ್ಯಾಂಕುಗಳು ಆಗಲೇ ನಷ್ಟ ಉಂಡಿವೆ ಎಂಬುದು ಸರ್ಕಾರದ ಸಮಜಾಯಿಷಿ. ಭವಿಷ್ಯ ನಿಧಿ ಎಂದರೆ ಏನೆಂದು ಇಲ್ಲಿರುವ ಗಾರ್ಮೆಂಟ್ ಅಕ್ಕಂದಿರಿಗೆ ನಾನು ಹೇಳಬೇಕಿಲ್ಲ. ಅದು ಇಪ್ಪತ್ತು ಮೂವತ್ತು ವರ್ಷದ ಕಾಯಕದ ಫಲ, ಮುಪ್ಪಿನ ಊರುಗೋಲು.

ಇದರಲ್ಲಿ ನಮಗೇನು ಎಂದು ಕೇಳಬಹುದು. 2022ರಲ್ಲಿ ಭಾರತ ಲಂಕೆಗೆ ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. ನೆರೆಮನೆಯ ಒಲೆ ಆರಿದಾಗ ಕೊಡಬೇಕಾದದ್ದೇ, ಕೊಟ್ಟೆವು. ಪಾಠವನ್ನೂ ಕಲಿಯೋಣ. ನಮ್ಮಲ್ಲೂ 2019ರ ಸೆಪ್ಟೆಂಬರ್‌ನಲ್ಲಿ, ರಿಯಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ಮೂಲ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದರು. ನಮ್ಮ ಸ್ಥಿತಿ ಲಂಕೆಯದಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದಿಲ್ಲ. ಆದರೆ ಬಡವನಿಗೆ ಕೊಟ್ಟ ಅಕ್ಕಿಯ ಖರ್ಚನ್ನು ಊರೆಲ್ಲ ಲೆಕ್ಕ ಹಾಕುತ್ತದೆ, ಉಳ್ಳವನಿಗೆ ಬಿಟ್ಟ ತೆರಿಗೆಯನ್ನು ಯಾರೂ ಖರ್ಚು ಎನ್ನುವುದಿಲ್ಲ. ಎರಡೂ ಒಂದೇ ಬೊಕ್ಕಸದಿಂದ ಹೋದದ್ದಲ್ಲವೇ?

ಮುಂದಿನ ಬಜೆಟ್ ಬಂದ ದಿನ ಯಾರಿಗೆ ಏನು ಕೊಟ್ಟರು ಎಂಬಲ್ಲಿಗೇ ನಿಲ್ಲಿಸಬೇಡಿ. ಯಾರಿಂದ ಏನನ್ನು ಕೇಳದೆ ಬಿಟ್ಟರು, ಎಷ್ಟು ಸಾಲ ತಂದರು, ಅದನ್ನು ಯಾರ ಹೆಗಲಿಗೆ ಹೊರಿಸುತ್ತಾರೆ ಎಂದೂ ಓದಿ. ಓದಲು ಬಾರದ ಹಿರಿಯರಿದ್ದರೆ ಅವರಿಗೆ ಓದಿ ಹೇಳಿ. ಮನೆಯ ಯಜಮಾನ ಸಾಲ ತಂದರೆ ಹೆಂಡತಿ ಮಕ್ಕಳು ಕೇಳುತ್ತಾರೆ. ದೇಶದ ಸಾಲದ ಲೆಕ್ಕ ಕೇಳುವುದೂ ಅಷ್ಟೇ ಸಹಜವಾದ ಹಕ್ಕು.