ಕಣ್ಣು ಮುಚ್ಚಿದರೆ ಬಣ್ಣ ಹೋಗುತ್ತದೆಯೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



'ಜಾತಿ ಯಾಕ್ರೀ ಕೇಳ್ತೀರಿ, ಮೆರಿಟ್ ನೋಡ್ರಿ' ಅನ್ನೋ ಮಾತು ನಿಮಗೆ ಹೊಸದಲ್ಲ. ಅಮೆರಿಕದಲ್ಲಿ ಇದರ ಅಣ್ಣನೊಬ್ಬನಿದ್ದಾನೆ: 'ಕಾನೂನಿಗೆ ಬಣ್ಣ ಕಾಣಬಾರದು.' ಅವನ ಕತೆ ಕೇಳಿ.

1892ರಲ್ಲಿ ಹೋಮರ್ ಪ್ಲೆಸ್ಸಿ ಎಂಬಾತ ಲೂಸಿಯಾನ ರಾಜ್ಯದಲ್ಲಿ ಬಿಳಿಯರ ರೈಲು ಡಬ್ಬಿಯಲ್ಲಿ ಬೇಕೆಂದೇ ಕೂತ. ಅವನ ರಕ್ತದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರದು. ನೋಡಿದರೆ ಬಿಳಿಯನೇ. ತಾನು ಕರಿಯನೆಂದು ಅವನೇ ಹೇಳಿದ ಮೇಲೆ ಹಿಡಿದರು! ಹಾಗಾದರೆ ಬಣ್ಣ ಇದ್ದದ್ದು ಚರ್ಮದಲ್ಲೋ, ಕಾನೂನಿನಲ್ಲೋ? ನಮ್ಮ ಜಾತಿಯೂ ಮುಖದ ಮೇಲೆ ಕಾಣಲ್ಲ. ಊರು, ಕೇರಿ ಕೇಳಿದ ಮೇಲೆ ಕಾಣುತ್ತೆ.

1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬೇರೆ ಡಬ್ಬಿ ಸರಿಯೆಂದಿತು. ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ ಸಂವಿಧಾನಕ್ಕೆ ಬಣ್ಣ ಕಾಣದೆಂದು ವಿರೋಧಿಸಿದರು. ಅವತ್ತು ಆ ಮಾತು ಕರಿಯರ ಪರ. ಆದರೆ ವಿದ್ಯೆ, ಸಂಪತ್ತು, ಅಧಿಕಾರದಲ್ಲಿ ಬಿಳಿಯರೇ ಮೇಲು, ಮುಂದೆಯೂ ಹಾಗೇ ಇರುತ್ತಾರೆ ಎಂದೂ ಅವರು ಅಲ್ಲೇ ಬರೆದಿದ್ದರು.

ಅದು ಹಾಗೇ ಉಳಿಯುವಂತೆ ಸರ್ಕಾರವೂ ನೋಡಿಕೊಂಡಿತು. 1930ರ ದಶಕದಲ್ಲಿ ನಗರಗಳ ನಕ್ಷೆ ಬರೆಸಿ, ಕರಿಯರ ಕೇರಿಗಳಿಗೆ ಕೆಂಪು ಬಳಿಸಿತು. ಕೆಂಪು ಅಂದರೆ ಮನೆ ಸಾಲಕ್ಕೆ ಅಪಾಯದ ಜಾಗ. ಸಾಲವಿಲ್ಲ, ಮನೆಯಿಲ್ಲ, ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. ಅಲ್ಲಿ ಶಾಲೆಯ ದುಡ್ಡಿನಲ್ಲಿ ಒಂದು ದೊಡ್ಡ ಪಾಲು ಬರುವುದು ಆಸ್ತಿ ತೆರಿಗೆಯಿಂದ. ಬಡ ಕೇರಿಗೆ ಬಡ ಶಾಲೆ. ಇದಕ್ಕೆ ಬಣ್ಣ ಚೆನ್ನಾಗಿಯೇ ಕಂಡಿತ್ತು!

ಕಾಲೇಜು ಪ್ರವೇಶದಲ್ಲಿ ಕರಿಯ ಮಕ್ಕಳಿಗೆ ಒಂದಿಷ್ಟು ಜಾಗ ಸಿಕ್ಕಾಗ ಹಾರ್ಲನ್ ಮಾತು ತಿರುಗಿ ಬಂತು. 2023ರ ಜೂನ್ 29ರಂದು ಸುಪ್ರೀಂ ಕೋರ್ಟು ಪ್ರವೇಶದಲ್ಲಿ ಜನಾಂಗ ನೋಡುವುದನ್ನು ತಡೆಯಿತು. ಸ್ವತಃ ಕರಿಯರಾದ ನ್ಯಾಯಮೂರ್ತಿ ಥಾಮಸ್, ಬಣ್ಣ ನೋಡಿ ಕೊಟ್ಟ ಸೀಟು ಕರಿಯರಿಗೇ ಕಳಂಕ ಎಂದರು. ಕರಿಯ ಮಹಿಳೆ ನ್ಯಾಯಮೂರ್ತಿ ಜಾಕ್ಸನ್, ಕಾನೂನು ನೋಡದಿದ್ದ ಮಾತ್ರಕ್ಕೆ ಬಾಳಿನಲ್ಲಿ ಜನಾಂಗ ಇಲ್ಲವಾಗದು ಎಂದರು. ಮರುವರ್ಷ ಎಂಐಟಿಗೆ ಸೇರಿದವರಲ್ಲಿ ಕರಿಯರ ಪಾಲು ಶೇಕಡಾ 13ರ ಆಸುಪಾಸಿನಿಂದ 5ಕ್ಕೆ ಇಳಿಯಿತು. ಕಳಂಕ ಹೋಯಿತೋ, ಸೀಟು ಹೋಯಿತೋ? ನೀವೇ ಹೇಳಿ.

ನಮ್ಮಲ್ಲೂ 1951ರಲ್ಲಿ ಮದ್ರಾಸಿನ ಕಾಲೇಜು ಮೀಸಲಾತಿಯನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿತ್ತು. ಅದೇ ವರ್ಷ, ಬಾಬಾಸಾಹೇಬರು ಕಾನೂನು ಮಂತ್ರಿಯಾಗಿದ್ದಾಗ, ಸಂವಿಧಾನಕ್ಕೆ 15(4) ಸೇರಿತು. ಇವತ್ತು ನಿಮ್ಮ ಸೀಟು ನಿಂತಿರುವುದು ಅದರ ಮೇಲೆ. ಓದಿಕೊಳ್ಳಿ.

'ನನಗೆ ಜಾತಿ ಕಾಣಲ್ಲ' ಅನ್ನುವವರು ಸಿಕ್ಕರೆ ಜಗಳ ಬೇಡ. ಒಂದೇ ಪ್ರಶ್ನೆ ಕೇಳಿ: ಜಾತಿ ಕಾಣದಿದ್ದರೆ ಸರಿ, ಜಾತಿ ಮಾಡಿದ ಗಾಯವೂ ಕಾಣುವುದಿಲ್ಲವೆ?

ಜೈಭೀಮ್.